ಘಟ್ಟಕ್ಕೆ ಬೇಕಿರುವುದು ಎಷ್ಟನೇ ‘ಜಿ’?

2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲಕ್ಕೆ ಚಾಲನೆ ಕೊಟ್ಟರು. ದೇಶದ ಉದ್ದಗಲಕ್ಕೂ 97,500ಕ್ಕಿಂತ ಹೆಚ್ಚು ಟವರ್ ಅಂತ ಸುದ್ದಿಯಾಯಿತು. ಅದಕ್ಕೆ ಮೂರು ವರ್ಷ ಮೊದಲು, 2022ರ ಅಕ್ಟೋಬರ್ 1ರಂದು, ಅವರೇ ದೆಹಲಿಯಲ್ಲಿ 5ಜಿ ಉದ್ಘಾಟಿಸಿದ್ದರು. ಐದು ಬಂದ ಮೇಲೆ ನಾಲ್ಕಕ್ಕೆ ಯಾಕೆ ದೀಪ ಹಚ್ಚಿದರು? ಸುದ್ದಿ ಓದಿದ ಬಹಳ ಜನರಿಗೆ ಇದು ಅರ್ಥವಾಗಲಿಲ್ಲ. ‘ಈ 4ಜಿಯನ್ನು ಮುಂದೆ 5ಜಿ ಮಾಡಬಹುದು’ ಅನ್ನುವ ಮಾತು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿತು.

ಉತ್ತರ ಕನ್ನಡದಲ್ಲಿ ಈ ಗೊಂದಲ ಸ್ವಲ್ಪ ಜಾಸ್ತಿಯೇ. ಕಾರವಾರದ ಪೇಟೆಯಲ್ಲಿ, ಶಿರಸಿಯ ಬಸ್ ನಿಲ್ದಾಣದ ಸುತ್ತ ಫೋನಿನ ಮೂಲೆಯಲ್ಲಿ 5ಜಿ ಅಂತ ಕಾಣುತ್ತದೆ. ದೇವಿಮನೆ ಘಟ್ಟ ಇಳಿಯುವಾಗಲೋ ಕದ್ರಾ ದಾಟಿ ಅಣಶಿ ಕಡೆ ಹತ್ತುವಾಗಲೋ ಅದೇ ಫೋನು ಬರೀ ಟಾರ್ಚು ಮತ್ತು ಗಡಿಯಾರವಾಗುತ್ತದೆ. ರೀಚಾರ್ಜ್ ದರ ಮಾತ್ರ ಎರಡೂ ಕಡೆ ಒಂದೇ.

ನಮ್ಮ ಜಿಲ್ಲೆಯ ಮಟ್ಟಿಗೆ ‘ಎಷ್ಟನೇ ಜಿ’ ಅನ್ನುವುದು ಮೂರನೆಯದೋ ನಾಲ್ಕನೆಯದೋ ಪ್ರಶ್ನೆ. ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆ. ಟವರ್ ಯಾವ ಬ್ಯಾಂಡಿನಲ್ಲಿ, ಅಂದರೆ ಯಾವ ಬಗೆಯ ರೇಡಿಯೊ ಅಲೆಯಲ್ಲಿ, ಮಾತಾಡುತ್ತಿದೆ? ಅದಕ್ಕೆ ಡಾಟಾ ತಂದು ಕೊಡುವ ತಂತಿ ಯಾವುದು? ಕರೆಂಟ್ ಹೋದರೆ ಎಷ್ಟು ಹೊತ್ತು ನಿಲ್ಲುತ್ತದೆ? ಇವು ಮೊದಲು ಯಾಕೆ ಅನ್ನುವುದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

‘ಜಿ’ಗೆ ಹೆಸರಿಟ್ಟವರು ಯಾರು

ಜಿ ಅಂದರೆ ಜನರೇಷನ್, ತಲೆಮಾರು. ಸುಮಾರು ಹತ್ತು ವರ್ಷಕ್ಕೊಂದು ಹೊಸದು ಬರುತ್ತದೆ. ಇದನ್ನು ಯಾವುದೋ ಒಂದು ಕಂಪನಿ ತೀರ್ಮಾನಿಸುವುದಿಲ್ಲ. ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, ‘ಮುಂದಿನ ತಲೆಮಾರು ಇಷ್ಟಾದರೂ ಮಾಡಬೇಕು’ ಅಂತ ಗುರಿ ಹಾಕುತ್ತದೆ. ಆ ಗುರಿ ಮುಟ್ಟಲು ಫೋನು ಮತ್ತು ಟವರ್ ಹೇಗೆ ಮಾತಾಡಬೇಕು ಅನ್ನುವ ಸಾವಿರಾರು ಪುಟದ ವಿವರವನ್ನು 3ಜಿಪಿಪಿ ಬರೆಯುತ್ತದೆ. ಇದು 1998ರಲ್ಲಿ ಶುರುವಾದ, ಹಲವು ದೇಶಗಳ ಮಾನದಂಡ ಸಂಸ್ಥೆಗಳ ಕೂಟ. ಭಾರತದಿಂದ ಟಿಎಸ್‌ಡಿಎಸ್‌ಐ ಅನ್ನುವ ಸಂಸ್ಥೆ ಇದರಲ್ಲಿದೆ. ಕುಮಟಾದ ಅಂಗಡಿಯಲ್ಲಿ ಕೊಂಡ ಫೋನು ದುಬೈನಲ್ಲಿ ಇಳಿದ ತಕ್ಷಣ ಕೆಲಸ ಮಾಡುವುದು ಈ ಒಪ್ಪಂದದಿಂದಲೇ.

ಹೆಸರು ಮಾತ್ರ ಯಾವಾಗಲೂ ಒಪ್ಪಂದದಷ್ಟು ಕಟ್ಟುನಿಟ್ಟಾಗಿರಲಿಲ್ಲ. 4ಜಿ ಅನ್ನಿಸಿಕೊಳ್ಳಲು ನಿಂತಲ್ಲಿ ನಿಂತ ಫೋನಿಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗ ಸಿಗಬೇಕು ಅನ್ನುವುದು ಐಟಿಯು ಹಾಕಿದ್ದ ಗುರಿ. 2009ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೊದಲ್ಲಿ ಶುರುವಾದ ಎಲ್‌ಟಿಇ ಅನ್ನುವ ತಂತ್ರಜ್ಞಾನ ಆ ಗುರಿಯ ಹತ್ತಿರಕ್ಕೂ ಬಂದಿರಲಿಲ್ಲ. ಆದರೆ ಕಂಪನಿಗಳು ಅದನ್ನೇ 4ಜಿ ಅಂತ ಮಾರಲು ಶುರು ಮಾಡಿದವು. ಕೊನೆಗೆ 2010ರ ಡಿಸೆಂಬರಿನಲ್ಲಿ ಐಟಿಯು ‘ಇದನ್ನೂ 4ಜಿ ಅನ್ನಬಹುದು’ ಅಂತ ಒಪ್ಪಿಕೊಂಡಿತು. ಅಂದರೆ ನಾವು ದಿನಾ ಬಳಸುವ 4ಜಿ ಅನ್ನುವ ಹೆಸರೇ ಒಂದು ರಾಜಿ.

5ಜಿಯ ಗುರಿಪಟ್ಟಿಯನ್ನೂ ಹೀಗೇ ಎಚ್ಚರಿಕೆಯಿಂದ ಓದಬೇಕು. ಸೆಕೆಂಡಿಗೆ 20 ಗಿಗಾಬಿಟ್ ಅನ್ನುವುದು ಎಲ್ಲವೂ ಅನುಕೂಲವಾಗಿದ್ದಾಗ ಸಿಗಬಹುದಾದ ತುತ್ತತುದಿ. ಬಳಕೆದಾರನ ಕೈಗೆ ಸಿಗಬೇಕಾದ್ದು ಅಂತ ಹಾಕಿದ ಗುರಿ 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್, ಒಂದು ಗಿಗಾಬಿಟ್‌ನ ಹತ್ತನೇ ಒಂದು ಪಾಲು. ಅದನ್ನು ಅಳೆಯಬೇಕಾದ ಜಾಗ ಯಾವುದು ಗೊತ್ತಾ? ಜನದಟ್ಟಣೆಯ ನಗರ. ಹಳ್ಳಿಗೆ ಅಂತ ಆ ಗುರಿ ಇಟ್ಟೇ ಇಲ್ಲ.

ಹಾಗಂತ ಹಳ್ಳಿಯನ್ನು ಪೂರ್ತಿ ಮರೆತರು ಅನ್ನುವಂತಿಲ್ಲ. ಅದರಲ್ಲಿ ಭಾರತದ ಪಾತ್ರವೂ ಇದೆ. ಟವರ್ ಟವರ್ ನಡುವೆ 6 ಕಿಲೋಮೀಟರ್ ಇರುವ ಹಳ್ಳಿಗಾಡಿನಲ್ಲೂ 5ಜಿಯನ್ನು ಪರೀಕ್ಷಿಸಿ ನೋಡಬೇಕು ಅಂತ ಭಾರತದ ತಜ್ಞರು ಐಟಿಯುನಲ್ಲಿ ಪಟ್ಟು ಹಿಡಿದು ಸೇರಿಸಿದರು. ಅಂಥ ಕಡೆ ನಡೆಯುವಂತೆ 5ಜಿಐ ಅನ್ನುವ ಮಾರ್ಪಾಡನ್ನೂ ರೂಪಿಸಿದರು. ಅದಕ್ಕೆ ಐಟಿಯು ಒಪ್ಪಿಗೆ ಸಿಕ್ಕಿತು, ಆಮೇಲೆ ಅದರ ಸಾರ 3ಜಿಪಿಪಿಯ ಮುಖ್ಯ ಮಾನದಂಡದಲ್ಲೇ ಸೇರಿಕೊಂಡಿತು. ಆ 6 ಕಿಲೋಮೀಟರಿನ ಹಿಂದೆ ಒಂದು ಚಿತ್ರವಿತ್ತು. ಪಂಚಾಯಿತಿ ಊರಿಗೆ ಡಾಟಾ ಒಯ್ಯುವ ಫೈಬರ್ ಕೇಬಲ್ ಬರುತ್ತದೆ, ಅಲ್ಲೊಂದು ಟವರ್ ನಿಲ್ಲುತ್ತದೆ, ಸುತ್ತಲ ಹಳ್ಳಿಗೆ ಅದೇ ಸಾಕು. ಬಯಲುಸೀಮೆಗೆ ಇದು ಸರಿ ಹೊಂದುತ್ತದೆ. ಸಿದ್ದಾಪುರಕ್ಕೋ ಜೋಯಿಡಾಕ್ಕೋ ಹೊಂದುವುದಿಲ್ಲ.

ತೋಟ ತಗ್ಗಿನಲ್ಲಿದೆ, ಮನೆಯೂ ಅಲ್ಲೇ

ಫೋನು ಮಾತಾಡುವುದು ರೇಡಿಯೊ ಅಲೆಗಳಲ್ಲಿ. ಆ ಅಲೆಗಳನ್ನು ಬೇರೆ ಬೇರೆ ಬ್ಯಾಂಡುಗಳಾಗಿ ಹಂಚಿ, ಸರ್ಕಾರ ಹರಾಜು ಹಾಕುತ್ತದೆ. 700, 850, 900 ಮೆಗಾಹರ್ಟ್ಸ್‌ನವು ಕೆಳಗಿನ ಬ್ಯಾಂಡು. 1800, 2100, 2300 ನಡುವಿನವು. 5ಜಿಗೆ ಅಂತ ಮುಖ್ಯವಾಗಿ ಮಾರಿದ್ದು 3300 ಮೆಗಾಹರ್ಟ್ಸ್ ಬ್ಯಾಂಡು ಮತ್ತು ತೀರಾ ಮೇಲಿನ 26 ಗಿಗಾಹರ್ಟ್ಸ್.

700ರ ಅಲೆ ಉದ್ದದ್ದು, ಸುಮಾರು 43 ಸೆಂಟಿಮೀಟರ್. 3300ರ ಬ್ಯಾಂಡಿನೊಳಗೇ ಬರುವ 3500ರ ಅಲೆ 9 ಸೆಂಟಿಮೀಟರಿಗಿಂತ ಸ್ವಲ್ಪ ಕಮ್ಮಿ. ಉದ್ದದ ಅಲೆ ಗುಡ್ಡದ ಅಂಚಿಗೆ ತಾಗಿ ಸ್ವಲ್ಪ ಬಾಗಿ ಆಚೆ ಇಳಿಯುತ್ತದೆ. ಮರದ ಸೊಪ್ಪು, ಚಿರೆಕಲ್ಲಿನ ಗೋಡೆ ದಾಟಿ ಒಳಗೆ ಬರುತ್ತದೆ. ಗಿಡ್ಡ ಅಲೆಗೆ ಅಷ್ಟು ತಾಳ್ಮೆ ಇಲ್ಲ, ಗುಡ್ಡದ ಹಿಂದೆ ಕತ್ತಲೆ ಬಿಟ್ಟು ನೇರ ಹೊರಟುಬಿಡುತ್ತದೆ. ಬರೀ ದೂರದ ಲೆಕ್ಕ ಹಿಡಿದರೂ, ಒಂದೇ ಬಗೆಯ ಸರಳ ಆಂಟೆನಾ ಇಟ್ಟಾಗ, 3500ರಲ್ಲಿ ತಲುಪುವ ಶಕ್ತಿ 700ರಲ್ಲಿ ತಲುಪುವುದರ 25ನೇ ಒಂದು ಭಾಗ. ಮಳೆಗಾಲದಲ್ಲಿ ಸೊಪ್ಪೆಲ್ಲ ನೆನೆದಿರುವಾಗ ಈ ಅಂತರ ಇನ್ನೂ ಹೆಚ್ಚುತ್ತದೆ.

ಈಗ ನಮ್ಮ ಘಟ್ಟದ ಮೇಲಿನ ಊರು ನೋಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಕೆ ತೋಟ ಇರುವುದು ಕಣಿವೆಯ ತಳದಲ್ಲಿ, ಯಾಕೆಂದರೆ ನೀರು ಅಲ್ಲಿದೆ. ಮನೆ ತೋಟದ ತಲೆಗೆ. ಮೇಲೆ ಸೊಪ್ಪಿನ ಬೆಟ್ಟ, ಅದರ ಮೇಲೆ ಕಾಡು. ನೂರಾರು ವರ್ಷದ ಹಿಂದೆ ನೀರು ನೋಡಿ ಮನೆ ಕಟ್ಟಿದವರು ಗೊತ್ತಿಲ್ಲದೇ ಸಿಗ್ನಲ್ ಅತಿ ಕಷ್ಟದಿಂದ ಬರುವ ಜಾಗವನ್ನೇ ಆರಿಸಿಕೊಂಡರು! ಕೊರೊನಾ ಕಾಲದಲ್ಲಿ ಮಕ್ಕಳು ಗುಡ್ಡ ಹತ್ತಿ, ಮಾಳ ಕಟ್ಟಿಕೊಂಡು ಪಾಠ ಕೇಳಿದ್ದಕ್ಕೆ ಕಾರಣ ಇದೇ. ಗುಡ್ಡದ ಮೇಲೆ ಟವರಿಗೂ ಫೋನಿಗೂ ನಡುವೆ ಅಡ್ಡ ಏನೂ ಇರುವುದಿಲ್ಲ.

ಮನೆಗಳೂ ಒಟ್ಟಿಗಿಲ್ಲ. ಒಂದು ಕಣಿವೆಯಲ್ಲಿ ಆರು ಮನೆ, ಗುಡ್ಡ ದಾಟಿದರೆ ಇನ್ನೊಂದರಲ್ಲಿ ನಾಲ್ಕು. ಬಯಲಿನಲ್ಲಿ ಒಂದು ಟವರ್ ಸಾವಿರ ಮನೆಗೆ ಸಾಕಾದರೆ ಇಲ್ಲಿ ನೂರು ಮನೆಗೆ ಮೂರು ಬೇಕಾಗಬಹುದು. ಕಂಪನಿಯ ಲೆಕ್ಕ ಇಲ್ಲೇ ಕೆಡುತ್ತದೆ. ಜಿಲ್ಲೆಯ ನೆಲದಲ್ಲಿ ಬಹುಪಾಲು ಕಾಡು. ಹಾಗಾಗಿ ಟವರಿಗೆ ಒಳ್ಳೆಯ ಜಾಗ ಅಂದುಕೊಂಡ ಗುಡ್ಡದ ನೆತ್ತಿ ಅನೇಕ ಸಲ ಅರಣ್ಯ ಇಲಾಖೆಯದು. ಅನುಮತಿಗೆ ಅಲೆಯುವ ಬದಲು ರಸ್ತೆ ಪಕ್ಕ ಸಿಕ್ಕ ಮಾಲ್ಕಿ ಜಾಗದಲ್ಲಿ ಟವರ್ ಏಳುತ್ತದೆ. ರಸ್ತೆಗೆ ಸಿಗ್ನಲ್ ಸಿಗುತ್ತದೆ, ತೋಟಕ್ಕೆ ಇಲ್ಲ.

ಎರಡು ಕಡ್ಡಿ ಇದ್ದೂ ಫೋನ್ ಹೋಗುವುದಿಲ್ಲ, ಯಾಕೆ

ಟವರ್ ಮಾತಾಡುವುದು ಹತ್ತಾರು ವಾಟ್ ಶಕ್ತಿಯಲ್ಲಿ. ನಿಮ್ಮ ಫೋನು ತಿರುಗಿ ಕೂಗುವುದು ಸಾಮಾನ್ಯವಾಗಿ ಹೆಚ್ಚೆಂದರೆ 0.2 ವಾಟ್‌ನಲ್ಲಿ. ಟವರಿನ ಕೂಗು ಫೋನಿಗೆ ಕೇಳಿಸುತ್ತದೆ, ಅದಕ್ಕೇ ಕಡ್ಡಿ ಕಾಣುತ್ತದೆ. ಫೋನಿನ ಪಿಸುಮಾತು ಟವರಿಗೆ ಮುಟ್ಟುವುದಿಲ್ಲ. ಆಚೆ ದಡದವನು ಮೈಕಿನಲ್ಲಿ ಕರೆಯುತ್ತಾನೆ, ನೀವು ಬಾಯಲ್ಲೇ ಓಗೊಡಬೇಕು, ಹಾಗಿದೆ ಇದು. 5ಜಿ ಟವರಿನ ಹೊಸ ಆಂಟೆನಾಗಳು ಅಲೆಯನ್ನು ಫೋನಿನ ಕಡೆಗೇ ತಿರುಗಿಸಿ ಕಳಿಸಬಲ್ಲವು, ಸಣ್ಣ ದನಿಯನ್ನು ಹೆಕ್ಕಿಕೊಳ್ಳುವುದರಲ್ಲೂ ಅವು ಮೇಲು. ಆದರೆ ಗುಡ್ಡವೇ ಅಡ್ಡ ಇದ್ದಲ್ಲಿ ಜಾಣ ಆಂಟೆನಾಕ್ಕೂ ಹೆಚ್ಚು ಮಾಡಲಾಗದು.

ವೇಗ ಬರುವುದು ಅಗಲದಿಂದ

ಹಾಗಿದ್ದರೆ 5ಜಿ ಯಾಕೆ ಅಷ್ಟು ವೇಗ? ಜಾಹೀರಾತು ಹೇಳದ ಸಂಗತಿ ಇಲ್ಲಿದೆ. 5ಜಿಯ ವೇಗದಲ್ಲಿ ದೊಡ್ಡ ಪಾಲು ಅದಕ್ಕೆ ಸಿಕ್ಕ ಅಗಲದ ಬ್ಯಾಂಡಿನಿಂದ ಬಂದದ್ದು.

ಬ್ಯಾಂಡನ್ನು ರಸ್ತೆ ಅಂದುಕೊಳ್ಳಿ. 2022ರ ಹರಾಜಿನಲ್ಲಿ ಜಿಯೊ ಮತ್ತು ಏರ್‌ಟೆಲ್ 3300ರ ಬ್ಯಾಂಡಿನಲ್ಲಿ ತಲಾ 100 ಮೆಗಾಹರ್ಟ್ಸ್ ಅಗಲ ಕೊಂಡವು. 700ರ ಬ್ಯಾಂಡಿನಲ್ಲಿ ಜಿಯೊಗೆ ಸಿಕ್ಕಿದ್ದು ಹೋಗಲು 10, ಬರಲು 10 ಮೆಗಾಹರ್ಟ್ಸ್. ಬಿಎಸ್‌ಎನ್‌ಎಲ್‌ಗೂ 700ರಲ್ಲಿ ಅಷ್ಟೇ ಅಗಲವನ್ನು 2023ರ ಜೂನ್‌ನಲ್ಲಿ ಕೇಂದ್ರ ಒಪ್ಪಿದ 89,047 ಕೋಟಿ ರೂಪಾಯಿಯ ನೆರವಿನಲ್ಲಿ ಕೊಟ್ಟರು. 10 ಮೆಗಾಹರ್ಟ್ಸ್ ಅಗಲದಲ್ಲಿ, ಎರಡು ಆಂಟೆನಾದ ಸಾಧಾರಣ 4ಜಿಯ ಗರಿಷ್ಠ ವೇಗ ಸುಮಾರು 75 ಎಂಬಿಪಿಎಸ್. ಅದೂ ಟವರಿನ ಒಂದು ದಿಕ್ಕಿನಲ್ಲಿರುವ ಎಲ್ಲರಿಗೂ ಸೇರಿ. ಸಂಜೆ ಏಳಕ್ಕೆ ಮೂವತ್ತು ಮನೆಯವರು ವಿಡಿಯೊ ಹಚ್ಚಿದರೆ ಪಾಲು ಎಷ್ಟು ಬರುತ್ತದೆ, ನೀವೇ ಭಾಗಿಸಿ.

ಅದೇ 10 ಮೆಗಾಹರ್ಟ್ಸ್ ಮೇಲೆ 4ಜಿ ತೆಗೆದು 5ಜಿ ಹಚ್ಚಿದರೆ ಏನಾಗುತ್ತದೆ? ಸ್ವಲ್ಪ ಸುಧಾರಿಸುತ್ತದೆ, ಹತ್ತುಪಟ್ಟು ಆಗುವುದಿಲ್ಲ. ಇಕ್ಕಟ್ಟಿನ ಘಟ್ಟದ ರಸ್ತೆಗೆ ಹೊಸ ಡಾಂಬರು ಹಾಕಿದ ಹಾಗೆ. ಬಸ್ಸು ನಯವಾಗಿ ಹೋಗುತ್ತದೆ, ಎದುರಿಂದ ಲಾರಿ ಬಂದರೆ ನಿಲ್ಲಲೇಬೇಕು. ನಾಲ್ಕು ಪಥದ ಹೆದ್ದಾರಿ ಇರುವುದು 3300ರಲ್ಲಿ, ಮತ್ತು ಅದು ಗುಡ್ಡ ದಾಟುವುದಿಲ್ಲ. ದೂರ ಹೋಗುವ ಅಲೆ ಇಕ್ಕಟ್ಟಿನದು, ಅಗಲದ ಅಲೆ ಹತ್ತಿರದ್ದು. ಈ ಜಗ್ಗಾಟವನ್ನು ಯಾವ ಜಿಯೂ ಪರಿಹರಿಸಿಲ್ಲ.

ಅಂದ ಹಾಗೆ, ‘ಬ್ರಾಡ್‌ಬ್ಯಾಂಡ್’ ಅನ್ನಿಸಿಕೊಳ್ಳಲು ನಮ್ಮ ದೇಶದಲ್ಲಿ ಬೇಕಾದ ಕನಿಷ್ಠ ವೇಗ 2023ರಿಂದ 2 ಎಂಬಿಪಿಎಸ್. ಅದಕ್ಕೂ ಮೊದಲು ಬರೀ 512 ಕೆಬಿಪಿಎಸ್, ಅಂದರೆ ಸುಮಾರು ಅರ್ಧ ಎಂಬಿಪಿಎಸ್ ಇತ್ತು.

ಮೂಲೆಯಲ್ಲಿ 5ಜಿ, ಒಳಗೆ ಏನೂ ಇಲ್ಲ

‘ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆ ನೀರಿಗೂ ಗತಿಯಿಲ್ಲ’ ಅನ್ನುವ ಗಾದೆ ಕೆಲವು ಸಲ ಫೋನಿನ ಮೂಲೆಯ ಗುರುತಿಗೂ ಸಲ್ಲುತ್ತದೆ. 5ಜಿಯನ್ನು ಎರಡು ರೀತಿ ಕಟ್ಟಬಹುದು. ಟವರಿನಿಂದ ಹಿಡಿದು ಒಳಗಿನ ಮುಖ್ಯ ವ್ಯವಸ್ಥೆಯವರೆಗೆ ಎಲ್ಲವೂ ಹೊಸದಾದರೆ ಅದು ಸ್ವತಂತ್ರ 5ಜಿ. ಜಿಯೊ ಶುರು ಮಾಡಿದ್ದು ಹೀಗೆ. 4ಜಿಯ ಬೆನ್ನ ಮೇಲೆ 5ಜಿ ರೇಡಿಯೊ ಕೂರಿಸಿದರೆ ಅದು ಅವಲಂಬಿತ 5ಜಿ. ಏರ್‌ಟೆಲ್ ಮೊದಲು ಹಿಡಿದ ದಾರಿ ಇದು. ಇದರಲ್ಲಿ ಫೋನು ಮೊದಲು 4ಜಿಗೆ ಸೇರಿ, ಆಮೇಲೆ ಬೇಕಾದಾಗ 5ಜಿಯನ್ನೂ ಜೋಡಿಸಿಕೊಳ್ಳುತ್ತದೆ.

ಗೊಂದಲ ಬರುವುದು ಈ ಎರಡನೆಯದರಲ್ಲಿ. ‘ನನ್ನ ಹತ್ತಿರ 5ಜಿಯೂ ಇದೆ’ ಅಂತ 4ಜಿ ಟವರ್ ಸಾರುತ್ತಿರುತ್ತದೆ. ಅಷ್ಟು ಕೇಳಿದ್ದಕ್ಕೇ ಕೆಲವು ಫೋನುಗಳು 5ಜಿ ಗುರುತು ತೋರಿಸಿಬಿಡುತ್ತವೆ, ಆ ಗಳಿಗೆಯಲ್ಲಿ ಡಾಟಾ ಬರುತ್ತಿರುವುದು 4ಜಿಯಿಂದಲೇ ಆದರೂ. ಇದು ಮೋಸ ಅನ್ನುವಂತಿಲ್ಲ, ಮಾನದಂಡದಲ್ಲೇ ಅದಕ್ಕೆ ಅವಕಾಶ ಇದೆ. ಆದರೆ ಗುರುತು ನೋಡಿ ವೇಗ ಊಹಿಸಬೇಡಿ.

ಮಳೆಯ ಮೇಲೆ ಸುಳ್ಳು ಆಪಾದನೆ

ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ‘ಮಳೆಗೆ ನೆಟ್‌ವರ್ಕ್ ಹೋಯ್ತು’ ಅನ್ನುತ್ತೇವೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಕರಾವಳಿಯಲ್ಲಿ ಈ ಮಾತು ಸಹಜ. ಆದರೆ ಫೋನು ಬಳಸುವ 700ರಿಂದ 3500 ಮೆಗಾಹರ್ಟ್ಸ್ ಅಲೆಗಳಿಗೆ ಮಳೆಹನಿಯಿಂದ ಆಗುವ ತೊಂದರೆ ತೀರಾ ಕಮ್ಮಿ. ಹಾಗಾದರೆ ನೆಟ್‌ವರ್ಕ್ ಹೋಗುವುದು ಎಲ್ಲಿ? ಟವರಿನ ಹಿಂದೆ.

ಒಂದು, ಟವರಿಗೆ ಡಾಟಾ ತಲುಪುವ ದಾರಿ. ಕೆಲವು ಟವರಿಗೆ ಫೈಬರ್ ಇದೆ. ಕೆಲವಕ್ಕೆ ಇನ್ನೊಂದು ಟವರಿನಿಂದ ಮೈಕ್ರೋವೇವ್ ಮೂಲಕ ಬರುತ್ತದೆ. ಟವರಿನ ಮೇಲೆ ತಮಟೆಯ ಹಾಗೆ ದುಂಡಗೆ ಕಾಣುವುದು ಅದರ ಡಿಶ್. ಈ ಡಿಶ್‌ಗಳು ಬಹಳ ಮೇಲಿನ ಅಲೆ ಬಳಸುತ್ತವೆ, 15 ಅಥವಾ 23 ಗಿಗಾಹರ್ಟ್ಸ್‌ನಂಥವು. ಅಲ್ಲಿ ಜೋರು ಮಳೆ ನಿಜಕ್ಕೂ ತೊಂದರೆ ಕೊಡುತ್ತದೆ. ಫೈಬರ್ ಮಳೆಗೆ ಹೆದರುವುದಿಲ್ಲ. ಆದರೆ ಕಂಬದ ಮೇಲೆ ಹೋದ ಫೈಬರಿನ ಮೇಲೆ ಮರ ಬಿದ್ದರೆ ಮುಗಿಯಿತು, ನೆಲದೊಳಗೆ ಹೋದದ್ದಕ್ಕೆ ಜೆಸಿಬಿ ತಾಗಿದರೂ ಮುಗಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಕುಸಿಯಿತು. ಹೆದ್ದಾರಿಯ ಬದಿಯಲ್ಲೇ ಕೇಬಲ್ ಎಳೆಯುವುದು ರೂಢಿ. ಅಂಥ ಕುಸಿತ ರಸ್ತೆಯ ಜೊತೆ ಕೇಬಲನ್ನೂ ಎಳೆದುಕೊಂಡು ಹೋಗಬಲ್ಲದು. ಡಾಟಾ ಬರಲು ಎರಡನೇ ದಾರಿ ಇಲ್ಲದ ಟವರ್ ಆಗ ನೆಟ್ಟ ಕಂಬವಷ್ಟೇ.

ಎರಡು, ಕರೆಂಟು. ಮಳೆಗಾಲದಲ್ಲಿ ಘಟ್ಟದ ಲೈನು ಹೋದರೆ ದಿನಗಟ್ಟಲೆ ಬರುವುದಿಲ್ಲ ಅನ್ನುವುದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಟವರಿನ ಬ್ಯಾಟರಿ ನಿಲ್ಲುವುದು ಗಂಟೆಗಳ ಲೆಕ್ಕದಲ್ಲಿ. ಆಮೇಲೆ ಡೀಸೆಲ್ ಜನರೇಟರ್, ಅದಕ್ಕೆ ಡೀಸೆಲ್ ಹೊತ್ತು ತರುವ ಜನ. ಅಗಲದ ಬ್ಯಾಂಡಿನ 5ಜಿ ಆಂಟೆನಾ ಹಳೆಯ 4ಜಿಗಿಂತ ಗಣನೀಯವಾಗಿ ಹೆಚ್ಚು ಕರೆಂಟು ಕುಡಿಯುತ್ತದೆ. ಬ್ಯಾಟರಿ ಹೆಚ್ಚಿಸದೆ 5ಜಿ ಸೇರಿಸಿದರೆ ಅದೇ ಬ್ಯಾಟರಿ ಇನ್ನೂ ಬೇಗ ಖಾಲಿ. ‘ಮೇಲ್ದರ್ಜೆಗೇರಿಸಿದ್ದೇವೆ’ ಅನ್ನುವ ಸುದ್ದಿಯ ಈ ಅಡ್ಡಪರಿಣಾಮದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕಡಲಿನ ಕಡೆ ಲೆಕ್ಕವೇ ಬೇರೆ

ಕಾರವಾರ, ಹೊನ್ನಾವರ, ಭಟ್ಕಳದ ಮೀನುಗಾರರಿಗೆ ಒಮ್ಮೊಮ್ಮೆ ಕಡಲಿನಲ್ಲಿ ಸಿಗುವ ರೇಂಜ್ ಘಟ್ಟದವರಿಗೆ ಮನೆಯಲ್ಲಿ ಸಿಗುವುದಿಲ್ಲ. ನೀರಿನ ಮೇಲೆ ಅಡ್ಡ ಏನೂ ಇಲ್ಲ, ಭೂಮಿಯ ಬಾಗು ಒಂದೇ ಮಿತಿ. ನೀರಿನ ಮಟ್ಟದಿಂದ 40 ಮೀಟರ್ ಎತ್ತರದ ಆಂಟೆನಾದ ರೇಡಿಯೊ ಕ್ಷಿತಿಜ ಸುಮಾರು 26 ಕಿಲೋಮೀಟರ್. ಗುಡ್ಡದ ಮೇಲಿನ ಟವರ್ ಆದರೆ ಇನ್ನೂ ದೂರ. ಆದರೆ ಮಾನದಂಡ ಇಲ್ಲೂ ಒಂದು ಗೆರೆ ಎಳೆದಿದೆ. ಅಲೆ ಹೋಗಿ ಬರುವ ಸಮಯದ ಲೆಕ್ಕದಿಂದಾಗಿ ಸಾಧಾರಣ 2ಜಿ ಟವರ್ 35 ಕಿಲೋಮೀಟರ್ ಆಚೆಯ ಫೋನನ್ನು ಸೇರಿಸಿಕೊಳ್ಳುವುದಿಲ್ಲ, ಸಿಗ್ನಲ್ ಎಷ್ಟೇ ಚೆನ್ನಾಗಿರಲಿ. 4ಜಿಯಲ್ಲಿ ಈ ಗೆರೆಯನ್ನು 100 ಕಿಲೋಮೀಟರ್‌ವರೆಗೂ ಒಯ್ಯಬಹುದು, ಆದರೆ ಟವರಿನಲ್ಲಿ ಹಾಗೆ ಹೊಂದಿಸಿರಬೇಕು. ಕರಾವಳಿಯ ಮಟ್ಟಿಗೆ ಹಣ ಹೆಚ್ಚು ಖರ್ಚಿಲ್ಲದೆ ಆಗಬಹುದಾದ ಕೆಲಸ ಇದು.

ನಾಲ್ಕು ವಾದಗಳು

ಹಳ್ಳಿಗೆ ನೆಟ್‌ವರ್ಕ್ ಮುಟ್ಟಿಸುವುದು ಹೇಗೆ ಅನ್ನುವುದಕ್ಕೆ ನಾಲ್ಕು ವಾದ ಇವೆ. ಮೊದಲನೆಯದು ಸರ್ಕಾರದ್ದು: ಎಲ್ಲ ಊರಿಗೂ ಮೊದಲು 4ಜಿ ಮುಟ್ಟಲಿ. 2022ರ ಜುಲೈನಲ್ಲಿ ಕೇಂದ್ರ ಸಂಪುಟ 26,316 ಕೋಟಿ ರೂಪಾಯಿಯಲ್ಲಿ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆ ಒಪ್ಪಿತು. ಹೊಣೆ ಬಿಎಸ್‌ಎನ್‌ಎಲ್‌ದು. ಸ್ವದೇಶಿ ಉಪಕರಣ ಬೇಕು ಅನ್ನುವ ಹಟದಿಂದ ತಡವಾಯಿತು ಅನ್ನುವ ದೂರು ಇದೆ. ಟಿಸಿಎಸ್, ತೇಜಸ್ ನೆಟ್‌ವರ್ಕ್ಸ್ ಕಂಪನಿಗಳು ಮತ್ತು ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡಾಟ್ ಸೇರಿ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ಇಂಥ ಜಾಲವನ್ನು ಸ್ವಂತವಾಗಿ ಮಾಡಬಲ್ಲ ದೇಶಗಳು ಬೆರಳೆಣಿಕೆಯಷ್ಟು ಅನ್ನುವುದು ಸಮರ್ಥಕರ ಮಾತು. ಎರಡೂ ಸರಿಯೇ. ಕಾದವರಿಗೆ ಆದ ನಷ್ಟವನ್ನು ಯಾರೂ ಲೆಕ್ಕ ಹಾಕಲಿಲ್ಲ ಅಷ್ಟೇ.

ಎರಡನೆಯದು, ಹೇಗೂ ಹೊಸದಾಗಿ ಹಾಕುವಾಗ ನೇರ 5ಜಿಯನ್ನೇ ಹಾಕಿ, ಎರಡೆರಡು ಖರ್ಚು ಯಾಕೆ ಅನ್ನುವುದು. ಕೇಳಲು ಚಂದ. ಆದರೆ ಹಳ್ಳಿಯಲ್ಲಿ ಕೈಯಲ್ಲಿರುವ ಫೋನು ಯಾವುದು ನೋಡಬೇಕಲ್ವಾ? ಕೆಳಗಿನ ಬ್ಯಾಂಡಿನಲ್ಲಿ 5ಜಿಯಿಂದ ಸಿಗುವ ಲಾಭ ಸಣ್ಣದು ಅಂತ ಮೇಲೆ ನೋಡಿದೆವು. ಅದಕ್ಕಾಗಿ ಪ್ರತಿ ಮನೆಯೂ ಹೊಸ ಫೋನು ಕೊಳ್ಳಬೇಕು ಅನ್ನುವುದು ಒಪ್ಪುವ ಮಾತಲ್ಲ. 4ಜಿ ಫೋನ್ ಇದ್ದವರೂ ಒಂದು ಸಂಗತಿ ನೋಡಿಕೊಳ್ಳಬೇಕು. 700ರ ಬ್ಯಾಂಡು ಎಲ್ಲ ಹಳೆಯ ಫೋನಿಗೂ ಹಿಡಿಯುವುದಿಲ್ಲ. ಫೋನಿನ ವಿವರದಲ್ಲಿ ‘ಬ್ಯಾಂಡ್ 28’ ಇದೆಯಾ ಅಂತ ನೋಡಿ.

ಮೂರನೆಯದು ಫೈಬರಿನವರದ್ದು. ಈಗ ಭಾರತ್‌ನೆಟ್ ಅನ್ನಿಸಿಕೊಳ್ಳುವ, ಪಂಚಾಯಿತಿಗೆ ಫೈಬರ್ ಎಳೆಯುವ ಕೆಲಸ 2011ರಲ್ಲೇ ಮಂಜೂರಾಗಿತ್ತು. 2023ರಲ್ಲಿ ಅದರ ಪರಿಷ್ಕೃತ ಯೋಜನೆಗೆ 1,39,579 ಕೋಟಿ ರೂಪಾಯಿ ಒಪ್ಪಿದ್ದಾರೆ. ಅಡಕೆ ತೋಟದ ಮನೆಗೆ ಫೈಬರ್ ಬಂದರೆ, ಮನೆಯೊಳಗಿನ ವೈಫೈ ಮೂಲಕವೇ ಮೊಬೈಲ್ ಕರೆಯೂ ಆಗುತ್ತದೆ. ಫೋನಿನಲ್ಲಿ ‘ವೈಫೈ ಕಾಲಿಂಗ್’ ಒತ್ತಿಟ್ಟರೆ ಸಾಕು, ಕಂಪನಿ ಆ ಸೌಲಭ್ಯ ಕೊಟ್ಟಿದ್ದರೆ ಆಯಿತು. ಕಣಿವೆಯ ಮನೆಗಳಿಗೆ ಇದಕ್ಕಿಂತ ಗಟ್ಟಿ ಉಪಾಯ ಇಲ್ಲ ಅನ್ನುವುದು ಈ ಲೇಖಕನ ಅಭಿಪ್ರಾಯ. ತೋಟದಲ್ಲಿ ಮರ ಹತ್ತಿದವನು ಬಿದ್ದರೆ ಮಾತ್ರ ಈ ಫೈಬರ್ ಅಲ್ಲಿಗೆ ಬರುವುದಿಲ್ಲ. ಅದಕ್ಕೆ ಟವರೇ ಬೇಕು.

ನಾಲ್ಕನೆಯದು ಉಪಗ್ರಹ. ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಕಂಪನಿಗೆ 2025ರ ಜೂನ್‌ನಲ್ಲಿ ಪರವಾನಗಿ ಸಿಕ್ಕಿದೆ. ಕಾಡಿನ ನಡುವಿನ ಶಾಲೆ, ಆಸ್ಪತ್ರೆ, ಟವರಿಗೆ ಡಾಟಾ ಒಯ್ಯುವುದು ಇಂಥದ್ದಕ್ಕೆ ಅದು ಆಗಬಹುದು. ಆದರೆ ಅದರ ಡಿಶ್‌ಗೆ ತೆರೆದ ಆಕಾಶ ಬೇಕು. ಸುತ್ತ ಅಡಕೆ ಮರ, ಮೇಲೆ ಹಲಸು ಇರುವ ಅಂಗಳದಲ್ಲಿ ಆಕಾಶ ಎಷ್ಟು ಕಾಣುತ್ತದೆ?

2ಜಿ ಮುಚ್ಚಿದರೆ

ಇದರ ಜೊತೆಗೇ ಇನ್ನೊಂದು ತಕರಾರು ನಡೆದಿದೆ. 2ಜಿ, 3ಜಿಯನ್ನು ಪೂರ್ತಿ ಮುಚ್ಚಲು ಸರ್ಕಾರ ನೀತಿ ತರಬೇಕು ಅಂತ ಜಿಯೊ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್, ಮುಂದೆ ಹೇಳಿದೆ. ಜಿಯೊ ಹತ್ತಿರ 2ಜಿ ಮೊದಲಿಂದಲೂ ಇಲ್ಲ. ಏರ್‌ಟೆಲ್ 2020ರಲ್ಲಿ 3ಜಿ ಮುಚ್ಚಿತು, 2ಜಿ ಉಳಿಸಿಕೊಂಡಿತು. ನಡುವಿನದನ್ನು ಮುಚ್ಚಿ ಹಳೆಯದನ್ನು ಉಳಿಸಿದ್ದು ವಿಚಿತ್ರ ಅನ್ನಿಸಬಹುದು. ಕಾರಣ ಸರಳ. 3ಜಿ ಫೋನು ಕೆಟ್ಟರೆ ಜನ 4ಜಿ ಕೊಳ್ಳುತ್ತಾರೆ. ಕೀಪ್ಯಾಡ್ ಫೋನು ಕೆಡುವುದೇ ಇಲ್ಲ!

ಮುಚ್ಚಿದರೆ 900ರಂಥ ಒಳ್ಳೆಯ ಬ್ಯಾಂಡು 4ಜಿ, 5ಜಿಗೆ ಬಿಡುವಾಗುತ್ತದೆ. ಘಟ್ಟಕ್ಕೆ ಅದು ಲಾಭವೇ. ಆದರೆ ಅಜ್ಜಿಯ ಕೀಪ್ಯಾಡ್ ಫೋನಿಗೆ ಬ್ಯಾಂಕಿನ ಒಟಿಪಿ ಬರುವುದು ನಿಲ್ಲುತ್ತದೆ. ತೋಟಕ್ಕೆ ನೀರು ಬಿಡಲು ಹಾಕಿಸಿದ ಪಂಪಿನ ಮೊಬೈಲ್ ಸ್ಟಾರ್ಟರ್ ಇದೆಯಲ್ಲ, ಅದರಲ್ಲಿ ಎಷ್ಟೋ 2ಜಿ ಸಿಮ್ ಮೇಲೇ ನಡೆಯುತ್ತವೆ. ಅವೂ ನಿಲ್ಲುತ್ತವೆ. 4ಜಿ ಕೀಪ್ಯಾಡ್ ಫೋನು 2023ರಲ್ಲೇ 999 ರೂಪಾಯಿಗೆ ಬಂದಿದೆ, ಫೋನಿನ ಸಮಸ್ಯೆ ಹಾಗೆ ಬಗೆಹರಿಯಬಹುದು. ಸ್ಟಾರ್ಟರಿನದು ಯಾರ ಲೆಕ್ಕದಲ್ಲೂ ಇಲ್ಲ.

ಅರ್ಜಿಯಲ್ಲಿ ಏನು ಬರೆಯಬೇಕು

2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿತು. ಹಳ್ಳಿಗಾಡಿನ ದೂರಸಂಪರ್ಕಕ್ಕೆ ಅಂತ ಇಟ್ಟ ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಕಟ್ಟಿದ ಸುಮಾರು 27 ಸಾವಿರ 4ಜಿ ಟವರುಗಳನ್ನು ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೊ ಪರಸ್ಪರ ಹಂಚಿಕೊಳ್ಳುವಂತೆ ಮಾಡಿತು. ಒಂದು ಕಂಪನಿಯ ಟವರಿನ ಕೆಳಗೆ ಇನ್ನೊಂದು ಕಂಪನಿಯ ಸಿಮ್ಮೂ ನಡೆಯಬೇಕು. ನೂರು ಮನೆಗೆ ಮೂರು ಕಂಪನಿ ಮೂರು ಟವರ್ ಕಟ್ಟುವ ಬದಲು ಮೂರು ಕಣಿವೆಗೆ ಒಂದೊಂದು ಕಟ್ಟಿ ಹಂಚಿಕೊಂಡರೆ ಮೇಲೆ ಹೇಳಿದ ಕೆಟ್ಟ ಲೆಕ್ಕ ಸರಿಹೋಗುತ್ತದೆ. ಸದ್ಯಕ್ಕೆ ಇದು ಆ ನಿಧಿಯ ಟವರುಗಳಿಗೆ ಮಾತ್ರ.

ಟ್ರಾಯ್‌ನ ಹೊಸ ನಿಯಮದಂತೆ ಪ್ರತಿ ಕಂಪನಿಯೂ ತನ್ನ 2ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತದೆ ಅನ್ನುವ ನಕ್ಷೆಯನ್ನು ಜಾಲತಾಣದಲ್ಲಿ ಹಾಕಬೇಕು. ನಿಮ್ಮ ಊರನ್ನು ಅದರಲ್ಲಿ ಹುಡುಕಿ. ಬಣ್ಣ ತುಂಬಿದ್ದರೆ, ಅಂದರೆ ಕಂಪನಿ ‘ಇಲ್ಲಿ ಸಿಗುತ್ತದೆ’ ಅಂತ ಹೇಳಿಕೊಂಡಿದ್ದರೆ, ನಿಮ್ಮ ಅಳತೆ ತೆಗೆಯಿರಿ. ಬಹಳಷ್ಟು ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ, ಫೋನಿನ ವಿವರದ ಒಳಗೆ, ಸಿಮ್ ಸ್ಟೇಟಸ್ ಅಂತ ಇರುತ್ತದೆ. ಅಲ್ಲಿ ಸಿಗ್ನಲ್ ಎಷ್ಟು ಡಿಬಿಎಂ (ಸಿಗ್ನಲ್ ಶಕ್ತಿ ಅಳೆಯುವ ಮಾನ) ಅಂತ ಕಾಣುತ್ತದೆ. 4ಜಿಯಲ್ಲಿ ಮೈನಸ್ 85ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 110 ದಾಟಿದರೆ ಎಳೆದಾಟ. ಮೈನಸ್ 120ರಲ್ಲಿ ಬಹುತೇಕ ಏನೂ ಆಗದು. ಹತ್ತು ಅಂಕೆ ಇಳಿದರೆ ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿದಂತೆ.

ಗ್ರಾಮಸಭೆಯ ಅರ್ಜಿಯಲ್ಲಿ ‘ನಮ್ಮೂರಿಗೆ 5ಜಿ ಕೊಡಿ’ ಅಂತ ಒಂದು ಸಾಲು ಬರೆದರೆ ‘ಪರಿಶೀಲಿಸಲಾಗುವುದು’ ಅಂತ ಒಂದು ಸಾಲು ಉತ್ತರ ಬರುತ್ತದೆ. ಅದರ ಬದಲು ಹೀಗೆ ಬರೆದು ನೋಡಿ. ಇಂಥ ಕಣಿವೆಯಲ್ಲಿ ಇಷ್ಟು ಮನೆ, ಅಂಗಳದಲ್ಲಿ ಅಳತೆ ಮೈನಸ್ ಇಷ್ಟು, ನಿಮ್ಮ ನಕ್ಷೆಯಲ್ಲಿ ಬಣ್ಣ ಇದೆ. ಹತ್ತಿರದ ಟವರಿನಲ್ಲಿ 700 ಅಥವಾ 900ರ ಬ್ಯಾಂಡಿನಲ್ಲಿ 4ಜಿ ಇದೆಯೋ ಇಲ್ಲವೋ? ಅದಕ್ಕೆ ಫೈಬರ್ ಬಂದಿದೆಯೋ, ಡಿಶ್ ಮೇಲೆ ನಡೆದಿದೆಯೋ? ಜುಲೈನಲ್ಲಿ ಲೈನು ಹೋದರೆ ಬ್ಯಾಟರಿ ಎಷ್ಟು ಗಂಟೆ? ಇವಕ್ಕೆ ‘ಪರಿಶೀಲಿಸಲಾಗುವುದು’ ಅಂತ ಬರೆದು ಕಳಿಸುವುದು ಸ್ವಲ್ಪ ಕಷ್ಟ.